ಒಂದು ಮುಖಕ್ಕೆ ಇಪ್ಪತ್ತು ಪಟ

"ನಂಗಿರೋದು ಒಂದೇ ಮಕ ಕಣವ್ವ, ಇಪ್ಪತ್ತು ಪಟ ಯಾತಕ್ಕೆ?"

ಕೇಳುತ್ತಿರುವವರು ಎಪ್ಪತ್ತೆಂಟರ ಬಸವಲಿಂಗಮ್ಮ. ಹೊಳೆನರಸೀಪುರದ ಬಸ್‌ ನಿಲ್ದಾಣದ ಹಿಂದಿನ ಪುಟ್ಟ ಸ್ಟುಡಿಯೊ. ಬೆಳಗಿನ ಆರೂವರೆ. ಮೊದಲ ಬಸ್ಸಿಗೇ ಬಂದಿಳಿದಿದ್ದಾರೆ, ಕಾಶಿಯಾತ್ರೆಯ ಅರ್ಜಿ ಕೊಡಲು ಇವತ್ತೇ ಕೊನೆ. ತಲೆ ಸದಾ ಅದುರುವುದರಿಂದ ಫೋಟೊ ಮಸುಕಾಗಿ, ಅರ್ಜಿ ಎರಡು ಸಲ ವಾಪಸ್ಸಾಗಿದೆ.

"ನಿಮ್ ತಲೆ ಯಾವಾಗ ನಿಲ್ತದೋ ನಂಗೊತ್ತಿಲ್ವಲ್ಲಜ್ಜಿ. ಇಪ್ಪತ್ತರಲ್ಲಿ ಒಂದಾದ್ರೂ ಸಿಕ್ತದೆ," ಎನ್ನುತ್ತಾ ಸ್ಟುಡಿಯೊ ನಡೆಸುವ ಶಿವರಂಜನಿ ಲ್ಯಾಪ್‌ಟಾಪಿನ ಒಂದು ಕೀ ಒತ್ತುತ್ತಾರೆ. ಕ್ಯಾಮೆರಾವನ್ನು ಮುಟ್ಟುವುದೇ ಇಲ್ಲ. ಒಂದು ವೈರು, ಅವರೇ ಬರೆದ ಪ್ರೋಗ್ರಾಮು, ಅಷ್ಟೇ. ದೊಡ್ಡ ದೀಪ ಹೊತ್ತುತ್ತದೆ, ಎರಡು ಸೆಕೆಂಡಿನಲ್ಲಿ ಇಪ್ಪತ್ತು ಕ್ಲಿಕ್ಕು, ದೀಪ ಆರುತ್ತದೆ.

ಪರದೆ ನೋಡಿದರೆ ಇಪ್ಪತ್ತರಲ್ಲೂ ಅಜ್ಜಿಯ ಕಣ್ಣು ಮುಚ್ಚಿದೆ. ಇನ್ನೊಮ್ಮೆ ತೆಗೆದರೂ ಅದೇ ಕತೆ.

"ಯಾರಾದ್ರೂ ಇಷ್ಟೊತ್ತು ಕಣ್ಣು ಮಿಟುಕ್ತಾರಾ ಸಾ?" ಎಂದು ಶಿವರಂಜನಿ, ಅವರ ಕೆಲಸ ನೋಡಲು ಬಂದು ಪಕ್ಕದಲ್ಲಿ ಕೂತಿರುವ ನನ್ನನ್ನು ಕೇಳುತ್ತಾರೆ.

ಶಿವರಂಜನಿಗೆ ಮೂವತ್ತಾರು. ಓದು ಪಿಯುಸಿಗೆ ನಿಂತಿತು. ಚನ್ನರಾಯಪಟ್ಟಣಕ್ಕೆ ಹನ್ನೊಂದು ವರ್ಷ ಓಡಾಡಿ ಮದುವೆ ಆಲ್ಬಮ್ ಜೋಡಿಸಿದರು. ಕೋಡ್ ಕಲಿತದ್ದು ಆ ಬಸ್ಸಿನಲ್ಲೇ, ಮೊಬೈಲಿನ ವಿಡಿಯೊ ನೋಡಿ. ಈಗ ದಿನಕ್ಕೆ ಮೂವತ್ತು ಮಂದಿ ಬಂದರೆ ಆರುನೂರು ಪಟ, ಅದರಲ್ಲಿ ಐನೂರ ಎಪ್ಪತ್ತನ್ನು ಕೂತು ಅಳಿಸಬೇಕು.

"ಮೊದಲ್ನೇ ಸಲ 'ನಿಲ್ಸು' ಅಂತ ಬರೆಯೋದೇ ಮರ್ತಿದ್ದೆ ಸಾ. ಊಟ ಮಾಡ್ಕಂಡ್ ಬರೋದ್ರಲ್ಲಿ ಗೋಡೇದೇ ಒಂಬೈನೂರು ಪಟ. ಈಗ್ಲೂ ಬರ್ದಿರೋದ್ರಲ್ಲಿ ಅರ್ಧ ನಂಗೇ ಅರ್ಥಾಗಲ್ಲ. ಮುಟ್ಟುದ್ರೆ ಕೆಟ್ಟೋಯ್ತದೇನೋ ಅಂತ ಅಂಗೇ ಬುಟ್ಟಿದೀನಿ."

ಹೇಳುತ್ತಲೇ ಪಟಗಳನ್ನು ಒಂದೊಂದಾಗಿ ಸರಿಸುತ್ತಾರೆ. ಹದಿನೈದರ ನಂತರ ಚೌಕಟ್ಟಿನ ಕೆಳಗೆ ಬೆರಳ ತುದಿಗಳು ಮೇಲೇಳುತ್ತಿವೆ.

"ಅಜ್ಜಿ, ಕೈ ಯಾಕೆ ಮುಗುದ್ರಿ?"

"ದೀಪ ಅಚ್ಚುದ್ಯಲ್ಲವ್ವ. ಕೈ ಮುಗೀದೆ ಗೂಬೆ ಅಂಗೆ ನೋಡ್ಕಂಡ್ ಕೂರಾಕಾಯ್ತದಾ?"

ಸಂಜೆ ಬಲ್ಬು ಹೊತ್ತಿದರೂ ಕಣ್ಣು ಮುಚ್ಚಿ ಕೈ ಮುಗಿಯುವವರು ನಮ್ಮ ಮನೆಯಲ್ಲೂ ಇದ್ದಾರೆ. ಆದರೂ ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಮುಗಿಯಬೇಡಿ ಎಂದು ಶಿವರಂಜನಿ ಹೇಳುವುದಿಲ್ಲ. ದೀಪ ಹೊತ್ತಿದ ಮೇಲೆ ಐದು ಸೆಕೆಂಡು ಕಾದು ಕ್ಲಿಕ್ಕಿಸು ಎಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸುತ್ತಾರೆ, ಉಸಿರು ಬಿಗಿಹಿಡಿದು. ಕೆಡಲಿಲ್ಲ. ದೀಪ ಹೊತ್ತುತ್ತದೆ. ಅಜ್ಜಿ ಕೈ ಮುಗಿದು, ಇಳಿಸಿ, ಕಣ್ಣು ಬಿಟ್ಟಾಗ ಕ್ಯಾಮೆರಾ ಟಕಟಕ ಶುರುವಾಗುತ್ತದೆ. ಹತ್ತೊಂಬತ್ತು ಅದುರಿವೆ. ಹದಿಮೂರನೆಯದು ನಿಂತಿದೆ.

"ಈ ಸಾಲು ತೆಗೆಯಲ್ಲ ಸಾ," ಎನ್ನುತ್ತಾರೆ ಶಿವರಂಜನಿ, ಪ್ರಿಂಟು ಕತ್ತರಿಸುತ್ತಾ. "ಎಲ್ರಿಗೂ ಐದು ಸೆಕೆಂಡ್ ಜಾಸ್ತಿ ಆಯ್ತದೆ. ಆಗ್ಲಿ."

ಅಜ್ಜಿ ಪಟವನ್ನು ಕಣ್ಣ ಹತ್ತಿರ ಹಿಡಿಯುತ್ತಾರೆ.

"ಇವ್ಳು ನನ್ನಂಗೇ ಅವ್ಳೆ. ಆದ್ರೆ ಅಲ್ಲಾಡ್ತಿಲ್ವಲ್ಲವ್ವ?"

"ನೀವೇ ಅಜ್ಜಿ."

ಬಸವಲಿಂಗಮ್ಮ ಅರ್ಜಿಗೆ ಗೋಂದು ತಾವೇ ಸವರಿ, ಫೋಟೊ ಅಂಟಿಸಿ, ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿಯುತ್ತಾರೆ. ಹಾಗೇ ಒತ್ತಿ ಹಿಡಿದುಕೊಂಡೇ ಹೊಸ್ತಿಲು ದಾಟುತ್ತಾರೆ.