ಅತ್ತೆ ಒಯ್ದ ಕ್ರೋಟನ್

ಒದ್ದೆ ಇಟ್ಟಿಗೆ ಚೂರು, ಇದ್ದಿಲು, ಕೊಳೆತ ಎಲೆ ಮೂರೂ ಕೂಡಿದಾಗ ಬರುವ ವಾಸನೆಯೊಂದಿದೆ. ಜೆ.ಪಿ. ನಗರದ ರಸ್ತೆಬದಿಯ ನರ್ಸರಿಯಲ್ಲಿ ಬೆಳಗಿನ ಹೊತ್ತು ಪೈಪಿನಿಂದ ನೀರು ಹಾಯಿಸುವಾಗ ಅದು ಫುಟ್‌ಪಾತಿನವರೆಗೂ ಬರುತ್ತದೆ. ಬಸ್ಸಿಗೆಂದು ಹೊರಟವಳು ಅಲ್ಲೇ ನಿಲ್ಲುತ್ತೇನೆ. ಕೊಳ್ಳುವುದೇನೂ ಇರುವುದಿಲ್ಲ, ಈಗಿನ ನಮ್ಮ ಮನೆಯಲ್ಲಿ ಕುಂಡ ಇಡಲು ಇರುವುದು ಒಂದು ಕಿಟಕಿಯ ಕಟ್ಟೆ ಮಾತ್ರ. ಆದರೂ ಆ ವಾಸನೆಯ ಹಿಂದೆಯೇ ಜಯನಗರದ ಮನೆಯ ಹಿತ್ತಲು ಬರುತ್ತದೆ, ಬಚ್ಚಲುಮನೆಯ ಪಾಚಿಗಟ್ಟಿದ ಹೊರಗೋಡೆ ಬರುತ್ತದೆ, ಅದರ ಪಕ್ಕದ ನೇರಳೆ ಮರ, ಮರದ ಕೆಳಗೆ ಮಣೆಯ ಮೇಲೆ ಕುಳಿತು ಕುಂಡಕ್ಕೆ ಮಣ್ಣು ತುಂಬುವ ಅತ್ತೆ. ಇಂಥದೊಂದು ಮನೆ ನಿಮಗೂ ಇದ್ದಿರಬಹುದು. ಅದರ ವಿಳಾಸ ಇನ್ನೂ ಬಾಯಿಪಾಠವಿರುತ್ತದೆ, ಮನೆ ಇರುವುದಿಲ್ಲ.

ಎಪ್ಪತ್ತರ ದಶಕದಲ್ಲಿ ನಾವು ಆ ಮನೆಯಲ್ಲಿ ನಾಲ್ಕು ಜನ ಇದ್ದೆವು: ಅಪ್ಪ, ಅಮ್ಮ, ಅಪ್ಪನ ಅಕ್ಕ, ನಾನು. ಅಪ್ಪನ ಅಕ್ಕನನ್ನು ನಾನು ಅತ್ತೆ ಎನ್ನುತ್ತಿದ್ದೆ. ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದರು, ಮದುವೆಯಾಗಿರಲಿಲ್ಲ. ತಂದೆತಾಯಿ ಬೇಗ ಹೋದ ಮೇಲೆ ಅಪ್ಪನನ್ನು ಓದಿಸಿದವರು ಅವರೇ. ಸುಬ್ರಹ್ಮಣ್ಯಪುರದ ಬೇಸಾಯದ ಮನೆಯಿಂದ ಅಮ್ಮ ಸೊಸೆಯಾಗಿ ಬಂದಾಗ ಬಾಗಿಲಲ್ಲಿ ಆರತಿ ಎತ್ತಿದವರೂ ಅವರೇ. ಅಮ್ಮನದು ದೊಡ್ಡ ದನಿ, ಬೀದಿಯ ತುದಿಯ ಸೊಪ್ಪಿನವಳನ್ನು ಅಡುಗೆಮನೆಯಿಂದಲೇ ಕರೆಯಬಲ್ಲವಳು. ಅತ್ತೆಯ ದನಿ ಕ್ಲಾಸಿನಲ್ಲಿ ಖರ್ಚಾಗಿ ಮನೆಗೆ ಬರುವ ಹೊತ್ತಿಗೆ ಮುಗಿದಿರುತ್ತಿತ್ತು. ಕಾಫಿ ಕುಡಿದು ಲೋಟ ತೊಳೆದಿಟ್ಟು ನೇರವಾಗಿ ಹಿತ್ತಲಿಗೆ ಹೋಗುತ್ತಿದ್ದರು.

ಮುಂದಿನ ಅಂಗಳ ಅಮ್ಮನದು. ಅಲ್ಲಿ ಕಾಂಪೌಂಡಿನ ಉದ್ದಕ್ಕೂ ಕ್ರೋಟನ್‌ಗಳು. ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುವ ಜಾಗ. ಕ್ರೋಟನ್ನಿಗೆ ಬೇಕಾದದ್ದೂ ಅದೇ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಮೇಲುಮಣ್ಣು ಒಣಗಿದ ಮೇಲೆ ಒಂದು ಚೆಂಬು ನೀರು, ಮಿಕ್ಕದ್ದನ್ನೆಲ್ಲ ಸೂರ್ಯ ನೋಡಿಕೊಳ್ಳುತ್ತಾನೆ. ಬಿಸಿಲು ಚೆನ್ನಾಗಿದ್ದಷ್ಟೂ ಎಲೆಯ ಮೇಲೆ ಹಳದಿ, ಕಿತ್ತಳೆ, ಕುಂಕುಮದ ಕೆಂಪು ಏರುತ್ತವೆ. ಹಬ್ಬದ ಹಿಂದಿನ ದಿನ ಅಮ್ಮ ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುತ್ತಿದ್ದಳು, ಮಕ್ಕಳ ಮುಖ ಒರೆಸಿದ ಹಾಗೆ. ಹಿತ್ತಲು ಅತ್ತೆಯದು. ಅಲ್ಲಿ ಫರ್ನ್‌ಗಳು. ಫರ್ನಿಗೆ ನೇರ ಬಿಸಿಲು ಆಗದು, ಒಂದೇ ಮಧ್ಯಾಹ್ನದಲ್ಲಿ ಅಂಚು ಕಂದಿ ಸುಟ್ಟ ಕಾಗದದಂತಾಗುತ್ತದೆ. ಕುಂಡದ ತಳಕ್ಕೆ ಇಟ್ಟಿಗೆ ಚೂರು, ಅದರ ಮೇಲೆ ಇದ್ದಿಲು, ಮೇಲೆ ನೇರಳೆ ಮರದ ಕೊಳೆತ ಎಲೆ. ಮಣ್ಣು ಯಾವಾಗಲೂ ತಣ್ಣಗಿರಬೇಕು, ನೀರು ಮಾತ್ರ ನಿಲ್ಲಬಾರದು. ಬೇಸಿಗೆಯಲ್ಲಿ ಸುತ್ತಲಿನ ನೆಲಕ್ಕೂ ನೀರು ಚಿಮುಕಿಸಬೇಕು, ಗಾಳಿ ಒಣಗದಂತೆ. ಹೊಸ ಗರಿ ಬರುವಾಗ ಮಗುವಿನ ಮುಷ್ಟಿಯಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಅದನ್ನು ಮುಟ್ಟಲು ಅತ್ತೆ ಯಾರಿಗೂ ಬಿಡುತ್ತಿರಲಿಲ್ಲ. ಮುಟ್ಟಿದರೆ ಅದು ಬಿಚ್ಚಿಕೊಳ್ಳುವುದೇ ಇಲ್ಲ ಎನ್ನುತ್ತಿದ್ದರು.

"ನಮ್ಮನೇಲಿ ಎರಡು ಸರ್ಕಾರ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. "ಮುಂದ್ಗಡೆ ಬಿಸಿಲಿನ ಸರ್ಕಾರ, ಹಿಂದ್ಗಡೆ ನೆರಳಿನ ಸರ್ಕಾರ. ನಾನು ಎರಡು ಕಡೆಗೂ ನೀರು ಹೊರೋ ಜವಾನ." ಅಮ್ಮ ನಗುತ್ತಿದ್ದಳು. ಅತ್ತೆಯೂ, ಸೆರಗು ಬಾಯಿಗೆ ಅಡ್ಡ ಹಿಡಿದು.

ಒಂದು ವರ್ಷ ಮಳೆಗಾಲದ ಮೊದಲು ನನ್ನ ತಾತನಿಗೆ ಕಾಯಿಲೆಯಾಗಿ ಅಮ್ಮ ತವರಿಗೆ ಹೋಗಿ ಒಂದು ತಿಂಗಳಿಗೂ ಹೆಚ್ಚು ಇದ್ದಳು. ಅಡುಗೆ, ನನ್ನ ಜಡೆ, ಬಟ್ಟೆಬರೆ ಎಲ್ಲ ಅತ್ತೆಯ ಪಾಲಿಗೆ ಬಂತು. ಕ್ರೋಟನ್‌ಗಳೂ ಬಂದವು. ಆ ಕೆಂಡದಂಥ ಬಿಸಿಲಲ್ಲಿ ಗಿಡಗಳು ದಿನವಿಡೀ ನಿಂತಿರುವುದನ್ನು ಅತ್ತೆಗೆ ನೋಡಲಾಗಲಿಲ್ಲ. ಅಪ್ಪನ ಕೈಯಲ್ಲಿ ಎತ್ತಿಸಿ ಎಲ್ಲವನ್ನೂ ವರಾಂಡದ ಒಳಗೆ ಇಡಿಸಿದರು, ಬೆಳಗ್ಗೆ ಸಂಜೆ ಎರಡು ಹೊತ್ತೂ ನೀರು ಹಾಕಿದರು. ತಮಗೆ ತಿಳಿದ ಆರೈಕೆಯನ್ನು ತಮ್ಮದಲ್ಲದ ಗಿಡಕ್ಕೆ ತಮ್ಮದಕ್ಕಿಂತ ಹೆಚ್ಚಾಗಿ ಮಾಡಿದರು. ಅಮ್ಮ ಹಿಂತಿರುಗುವ ಹೊತ್ತಿಗೆ ಅರ್ಧ ಎಲೆ ಉದುರಿತ್ತು. ಹೊಸದಾಗಿ ಬಂದವು ಬರೀ ಹಸಿರು.

ತಾತ ತೀರಿಹೋಗಿದ್ದ. ಅಮ್ಮ ಅತ್ತೂ ಅತ್ತೂ ಬಸವಳಿದು ಬಂದಿದ್ದಳು. ಚೀಲ ಕೆಳಗಿಡುವ ಮೊದಲೇ ವರಾಂಡ ಕಣ್ಣಿಗೆ ಬಿತ್ತು. "ಏನಕ್ಕ ಇದು" ಎಂದಳು. ಅತ್ತೆ, "ಬಿಸಿಲು ಜಾಸ್ತಿ ಇತ್ತು ಶಾರದ, ಬಾಡ್ತವೆ ಅಂತ ಒಳಗಿಡಿಸ್ದೆ" ಎಂದರು. ಅಮ್ಮ ಒಂದು ಹಸಿರು ಎಲೆಯನ್ನು ಹಿಡಿದು ತಿರುಗಿಸಿ ನೋಡಿದಳು. "ನೀವು ಒಳಗೇ ಇದ್ದು ಇದ್ದು ಅಭ್ಯಾಸ. ಎಲ್ಲಾರೂ ಹಂಗೇ ಇರ್ಬೇಕು ಅಂದ್ರೆ ಹೆಂಗೆ? ಬಣ್ಣ ಬರೋ ಜೀವಕ್ಕೆ ಬಿಸಿಲು ಬೇಕು."

ಅತ್ತೆ ಒಳಗೆ ಹೋಗಿ ಅಮ್ಮನಿಗೆ ಕಾಫಿ ಬೆರೆಸಿ ತಂದು ಕೊಟ್ಟರು. ಅಮ್ಮ ಕುಡಿದಳು. ಆ ಮಾತು ಗಿಡಕ್ಕಷ್ಟೇ ಹೇಳಿದ್ದಲ್ಲ ಎಂಬುದು ಆಡಿದ ಮೇಲೆ ಅವಳಿಗೂ ಕೇಳಿಸಿರಬೇಕು. ಆ ಸಂಜೆ ಅವಳೇ ಹಿತ್ತಲಿಗೆ ಹೋಗಿ ಫರ್ನ್ ಕುಂಡಗಳ ಪಕ್ಕ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಒಳಗೆ ಬಂದು ಅಡುಗೆಗೆ ಇಟ್ಟಳು.

ಶಾಲೆ ಶುರುವಾದ ಮೇಲೆ ಅತ್ತೆಗೆ ಗಿರಿನಗರದ ಕಡೆಗೆ ವರ್ಗವಾಯಿತು. ಬಸ್ಸು ಬದಲಾಯಿಸಿ ಓಡಾಡಬಹುದಾಗಿತ್ತು, ಎಷ್ಟೋ ಜನ ಓಡಾಡುತ್ತಿದ್ದರು. ಅತ್ತೆ ಅಲ್ಲಿಯೇ ಒಂದು ರೂಮು ನೋಡಿಕೊಂಡರು. "ದಿನಾ ಹೋಗಿ ಬರೋದು ಕಷ್ಟ" ಎಂದದ್ದನ್ನು ಅಪ್ಪ ನಂಬಿದ ಹಾಗೆ ಮಾಡಿದ. ಹೊರಡುವ ದಿನ ಟ್ರಂಕು, ಹಾಸಿಗೆ, ಸ್ಟವ್ ಆಟೋ ಸೇರಿದ ಮೇಲೆ ಅತ್ತೆ ಮುಂದಿನ ಅಂಗಳಕ್ಕೆ ಬಂದು, "ಶಾರದ, ಇದ್ರಲ್ಲಿ ಒಂದು ತಗೊಂಡ್ ಹೋಗ್ಲಾ?" ಎಂದು ಕೇಳಿದರು. ತಾವೇ ಹಸಿರು ಮಾಡಿದ್ದ ಒಂದು ಕ್ರೋಟನ್. ಅಮ್ಮ ತಾನೇ ಎತ್ತಿ ಆಟೋದಲ್ಲಿಟ್ಟಳು. "ನಿಮ್ಮ ಗಿಡಗಳು?" ಎಂದಾಗ ಅತ್ತೆ, "ಅಲ್ಲಿ ನೆರಳಿಲ್ಲ. ಇಲ್ಲೇ ಇರ್ಲಿ" ಎಂದರು.

ಅಂದಿನಿಂದ ಹಿತ್ತಲೂ ಅಮ್ಮನ ಪಾಲಿಗೆ ಬಂತು. ಅವಳು ಫರ್ನನ್ನು ಕಲಿತಳು. ತಾಳ್ಮೆ ಅವಳ ಸ್ವಭಾವವಲ್ಲ, ಆದರೂ ಮಧ್ಯಾಹ್ನ ಊಟವಾದ ಮೇಲೆ ನೆಲಕ್ಕೆ ನೀರು ಚಿಮುಕಿಸಿದಳು, ನೇರಳೆ ಎಲೆಯನ್ನು ಗುಡಿಸಿ ಗುಂಡಿಯಲ್ಲಿ ಕೊಳೆಯಿಸಿದಳು, ಸುರುಳಿ ಗರಿಯ ಹತ್ತಿರ ನನ್ನ ಕೈ ಹೋದರೆ ಮೊಣಕೈಯಿಂದ ತಳ್ಳಿದಳು. ಅತ್ತೆ ಭಾನುವಾರಗಳಲ್ಲಿ ಬರುತ್ತಿದ್ದರು. ಊಟಕ್ಕೆ ಮೊದಲು ಹಿತ್ತಲು ನೋಡುತ್ತಿದ್ದರು. ಅಮ್ಮ ಹಿಂದೆಯೇ ಸೌಟು ಹಿಡಿದು ನಿಂತು, "ನಿಮ್ಮ ಗಿಡ ನಿಮ್ಮ ಕೈನೇ ಕೇಳ್ತವೆ ಅಕ್ಕ" ಎನ್ನುತ್ತಿದ್ದಳು. ಬಂದುಬಿಡಿ ಎನ್ನಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ. ಅತ್ತೆ ಗರಿಗಳನ್ನು ನೋಡಿ, "ನನಗಿಂತ ಚೆನ್ನಾಗೇ ಬೆಳ್ಸಿದ್ದೀಯಲ್ಲ. ನೀನಿರೋವಾಗ ಏನು ಯೋಚನೆ" ಎನ್ನುತ್ತಿದ್ದರು. ಅವರು ಮರಳಿ ಬರಲೆಂದು ಅಮ್ಮ ಆ ಗಿಡಗಳನ್ನು ಎಷ್ಟು ಚೆನ್ನಾಗಿ ನೋಡಿಕೊಂಡಳೋ, ಮರಳಿ ಬರಬೇಕಾದ ಅಗತ್ಯ ಅವರಿಗೆ ಅಷ್ಟೇ ಕಡಿಮೆಯಾಗಿ ಕಂಡಿತು. ಅಪ್ಪ ಒಮ್ಮೆ, "ಒಂದೆರಡು ಒಣಗಿಸ್ಬಿಡೆ, ಮಾರನೇ ದಿನಾನೇ ಟ್ರಂಕ್ ಸಮೇತ ಓಡಿ ಬರ್ತಾಳೆ" ಎಂದ. ಅಮ್ಮ ನಗಲಿಲ್ಲ. "ಅದು ನನ್ನ ಕೈಲಾಗಲ್ಲ ರೀ" ಎಂದಳು.

ಅತ್ತೆಯ ರೂಮಿಗೆ ಅಮ್ಮ ಹೋಗಲಿಲ್ಲ. ಕರೆಯದೆ ಹೇಗೆ ಹೋಗುವುದು ಎಂಬುದು ಅವಳ ಲೆಕ್ಕ. ಹುಳಿಪುಡಿ, ಉಪ್ಪಿನಕಾಯಿ ಕಟ್ಟಿಕೊಟ್ಟು ಅಪ್ಪನನ್ನೂ ನನ್ನನ್ನೂ ಕಳಿಸುತ್ತಿದ್ದಳು. ಗಿರಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳು ಹೆಚ್ಚು, ಮರಗಳಿರಲಿಲ್ಲ. ತಾರಸಿಯ ಮೇಲೆ ಶೀಟ್ ಹೊದಿಸಿದ ಒಂದೇ ಕೋಣೆ. ಹೊರಗೆ ಬಾಗಿಲ ಪಕ್ಕದಲ್ಲಿ ಕ್ರೋಟನ್. ಮೊದಲ ಬೇಸಿಗೆಯಲ್ಲೇ ಅದಕ್ಕೆ ಬಣ್ಣ ಏರಿತ್ತು. ಅತ್ತೆ ಅದಕ್ಕೆ ನೀರು ಹಾಕುತ್ತಿದ್ದದ್ದು ಮಣ್ಣು ಮುಟ್ಟಿ ನೋಡಿ, ಅಮ್ಮನ ಹಾಗೆಯೇ. ಮನೆಗೆ ಬಂದು ನಾನು, ಅತ್ತೆಯ ಗಿಡ ಕೆಂಪಗಾಗಿದೆ ಎಂದು ಹೇಳಿದಾಗ ಅಮ್ಮನ ಮುಖ ಅರಳಿತು. "ಹೌದಾ? ಹಂಗಾದ್ರೆ ಚೆನ್ನಾಗಿದ್ದಾರೆ ಬಿಡು." ಆಮೇಲೆ ಪ್ರತಿ ಸಲವೂ ಮೊದಲು ಕೇಳುತ್ತಿದ್ದದ್ದು ಗಿಡದ ಬಣ್ಣವನ್ನು.

ಎಂಬತ್ತರ ದಶಕ ಅರ್ಧ ಕಳೆದಾಗ, ಒಂದು ಬೇಸಿಗೆ ರಜೆಯಲ್ಲಿ, ಅತ್ತೆ ನಿದ್ದೆಯಲ್ಲೇ ಹೋದರು. ಮನೆಯ ಮಾಲೀಕರು ಮಧ್ಯಾಹ್ನ ಬಾಗಿಲು ತಟ್ಟಿ ನೋಡಿದ್ದರು. ಕಾರ್ಯಗಳೆಲ್ಲ ಮುಗಿದ ಮೇಲೆ ರೂಮು ಖಾಲಿ ಮಾಡಲು ಅಮ್ಮನೂ ಬಂದಳು. ಅವಳು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಹೊರಗೆ ನಿಂತು ಕ್ರೋಟನ್ ನೋಡಿದಳು. ಅಂಥ ಕೆಂಪು ನಮ್ಮ ಅಂಗಳದಲ್ಲಿ ಯಾವ ಗಿಡಕ್ಕೂ ಬಂದಿರಲಿಲ್ಲ. ಅಮ್ಮ ಶೀಟನ್ನು ನೋಡಿದಳು, ಕಾದ ತಾರಸಿಯನ್ನು ನೋಡಿದಳು, ಸುತ್ತಲಿನ ಸೈಟುಗಳನ್ನು ನೋಡಿದಳು. "ಈ ಬಣ್ಣ ಬರ್ಬೇಕಾದ್ರೆ ಇಲ್ಲಿ ಒಂದು ಗಳಿಗೆನೂ ನೆರಳಿರ್ಲಿಲ್ಲ ಕಣೆ" ಎಂದಳು. ಕುಂಡವನ್ನು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಳು.

ಮನೆಗೆ ಬಂದವಳು ಅದನ್ನು ಮುಂದಿನ ಅಂಗಳದಲ್ಲಿ ಇಡಲಿಲ್ಲ. ನಡುಮನೆ ದಾಟಿ, ಅಡುಗೆಮನೆ ದಾಟಿ, ಹಿತ್ತಲಿಗೆ ಒಯ್ದು ನೇರಳೆ ಮರದ ಕೆಳಗೆ ಫರ್ನ್‌ಗಳ ನಡುವೆ ಜಾಗ ಮಾಡಿ ಇಟ್ಟಳು. ಅಪ್ಪ, "ಅಲ್ಲಿಟ್ರೆ ಹಸಿರಾಗುತ್ತಲ್ಲೇ" ಎಂದ.

"ಆಗ್ಲಿ ಬಿಡಿ. ನೆರಳಲ್ಲಿರ್ಲಿ."

ಆ ಮಳೆಗಾಲದಲ್ಲಿ ಬಂದ ಹೊಸ ಎಲೆಗಳೆಲ್ಲ ಹಸಿರಾಗಿಯೇ ಬಂದವು. ಹಳೆಯ ಕೆಂಪು ಎಲೆಗಳು ಕೆಳಗಿನಿಂದ ಒಂದೊಂದಾಗಿ ಉದುರಿದವು. ಅಮ್ಮ ಅವನ್ನು ಆರಿಸಿ ನೇರಳೆ ಎಲೆಗಳ ಗುಂಡಿಗೆ ಹಾಕಿದಳು. ಕೊಳೆತ ಮೇಲೆ ಇಟ್ಟಿಗೆ ಚೂರು, ಇದ್ದಿಲಿನ ಮೇಲೆ ಅದನ್ನೇ ಹರಡಿ ಫರ್ನಿನ ಕುಂಡಗಳನ್ನು ತುಂಬಿದಳು.