ಮತ್ತೆ ತರಬಹುದು

ಪ್ಯಾಕೆಟ್ಟನ್ನು ಅವರು ಮೊದಲು ಕಿವಿಗೆ ಹಿಡಿಯುತ್ತಿದ್ದರು. ಸೂಪರ್ ಮಾರ್ಕೆಟ್ಟಿನ ಟ್ಯೂಬ್‌ಲೈಟಿನ ಕೆಳಗೆ ನಿಂತು, ಅರ್ಧ ಕೆಜಿ ರವೆಯನ್ನು ಎಡಗಿವಿಯ ಹತ್ತಿರ ಒಯ್ದು, ಕಣ್ಣು ಕಿರಿದು ಮಾಡಿ, ನಿಧಾನವಾಗಿ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲಿಸುವರು. ಒಳ್ಳೆಯ ರವೆ ಸದ್ದು ಮಾಡಿಕೊಂಡು ಜಾರುತ್ತದಂತೆ. ಹುಳ ಬಲೆ ಕಟ್ಟಿದ್ದರೆ ಗುಪ್ಪೆಗುಪ್ಪೆಯಾಗಿ ಬೀಳುತ್ತದೆ, ಸದ್ದಿರುವುದಿಲ್ಲ. ಆಮೇಲೆ ಪ್ಯಾಕೆಟ್ಟನ್ನು ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ, ಹಿಂದಿನ ಸಣ್ಣಕ್ಷರಗಳನ್ನು ಪೂರ್ತಿ ಓದುವರು. ಚಿತ್ರವಿರುವ ಮುಂಭಾಗವನ್ನು ಅವರು ನೋಡಿದ್ದು ನನಗೆ ನೆನಪಿಲ್ಲ.

ಎಡಗಿವಿ ಎಂದು ಬರೆದೆ. ಅವರ ಗಂಡನನ್ನು ಕೇಳಿದರೆ ಬಲಗಿವಿ ಎನ್ನುತ್ತಾರೆ. ಎಡಗಿವಿ ಮೊದಲಿನಿಂದಲೂ ಸ್ವಲ್ಪ ಮಂದವಂತೆ. ಅವರೇ ಸರಿಯಿರಬೇಕು, ನಲವತ್ತು ವರ್ಷ ಜೊತೆಗಿದ್ದವರು. ಆದರೂ ನನಗೆ ಕಾಣುವುದು ಎಡಗಿವಿ, ಅದರಲ್ಲಿದ್ದ ಹಸಿರು ಹರಳಿನ ಓಲೆ. ಇಂಥ ತಪ್ಪುಗಳು ಮುಂದೆಯೂ ಇರಬಹುದು. ಎಲ್ಲವನ್ನೂ ಹುಡುಕಿ ತಿದ್ದುವಷ್ಟು ಶಕ್ತಿ ಈಗ ನನ್ನಲ್ಲಿಲ್ಲ.

ನಮ್ಮದು ಶಿವಮೊಗ್ಗದ ಕೋಟೆಯ ಹಿಂದಿನ ಒಂದು ಸಣ್ಣ ಬೀದಿ. ಅವರು ಎದುರುಮನೆಗೆ ಬಂದದ್ದು ಭದ್ರಾವತಿಯಿಂದ. ಅಲ್ಲಿ ಕಾರ್ಖಾನೆಯ ನೌಕರರಿಗೆಂದು ಇದ್ದ ಸೊಸೈಟಿ ಅಂಗಡಿಯಲ್ಲಿ ಬೇಳೆಕಾಳು ತೂಗಿ ಕೊಡುವ ಕೆಲಸದಲ್ಲಿದ್ದರು. ಕ್ವಾರ್ಟರ್ಸಿನ ತಮಿಳು ಹೆಂಗಸರು, ತೆಲುಗು ಹೆಂಗಸರು, ನಮ್ಮವರು, ಎಲ್ಲರೂ ಅವರನ್ನು ‘ಸೊಸೈಟಿ ಅಕ್ಕ’ ಎನ್ನುತ್ತಿದ್ದರಂತೆ. ಹೆಸರು ಅವರ ಜೊತೆಗೇ ಬಸ್ಸು ಹತ್ತಿ ಮಲವಗೊಪ್ಪ ದಾಟಿ ನಮ್ಮ ಬೀದಿಗೂ ಬಂತು. ಅಂಗಡಿಯಲ್ಲಿ ಮಾರುವ ಕಡೆ ನಿಂತವರು ಅವರೇ ಆದರೂ, “ಇವತ್ತು ತೊಗರಿಬೇಳೆ ಒಯ್ಯಬೇಡಿ, ಬೇಯಲ್ಲ. ನಾಳಿದ್ದು ಬೇರೆ ಚೀಲ ಬಿಚ್ತೀವಿ” ಎಂದು ಕ್ಯೂನಲ್ಲಿದ್ದವರಿಗೆ ಹೇಳಿಬಿಡುತ್ತಿದ್ದರು. ಸೆಕ್ರೆಟರಿ ಬೈದರೆ, “ಬೇಯದ ಬೇಳೆ ಬೆಂದೀತು ಅಂತ ನಾನು ಹೆಂಗೆ ಹೇಳ್ಲಿ ಸಾರ್, ನೀವೇ ಬಂದು ಹೇಳಿ” ಎನ್ನುವರು. ಅಂಗಡಿ ಮುಚ್ಚಿದ ಮೇಲೆ ಅವರಿಗೆ ಕೆಲಸ ಹೋಯಿತು, ಅಭ್ಯಾಸ ಹೋಗಲಿಲ್ಲ.

ವಾರಕ್ಕೊಂದು ಹೊಸ ಪದಾರ್ಥ, ಅದೂ ಅತ್ಯಂತ ಸಣ್ಣ ಪ್ಯಾಕೆಟ್ಟು. ಅದು ಅವರ ನೇಮ. ಮನೆಯಲ್ಲಿ ಮಾಡಿ, ತಿಂದು, ಮುಗಿದ ಮೇಲೆ ಖಾಲಿ ಪ್ಯಾಕೆಟ್ಟನ್ನು ತೊಳೆದು, ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕುತ್ತಿದ್ದರು. ಒಣಗಿದ ಮೇಲೆ ಕತ್ತರಿಸಿ ಅಗಲ ಮಾಡಿ, ಒಳಗಿನ ಬೆಳ್ಳಿಬಣ್ಣದ ಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ತಮ್ಮ ಅಭಿಪ್ರಾಯ ಬರೆದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕುವರು. ‘ರಾಗಿ ಬಿಸ್ಕತ್ತು. ಹಿಂದೆ ಸಣ್ಣಕ್ಷರದಲ್ಲಿ ಮೈದಾ. ರಾಗಿ ಬಣ್ಣಕ್ಕೆ ಮಾತ್ರ.’ ‘ರೆಡಿ ಉಪ್ಪಿಟ್ಟು. ಬಿಸಿಯಿದ್ದಾಗ ಸೈ, ಆರಿದರೆ ಗೋಡೆಗೆ ಮೆತ್ತಬಹುದು.’ ‘ಫ್ರೋಜನ್ ಪರೋಟ. ನಾನು ಮಾಡುವುದಕ್ಕಿಂತ ಚೆನ್ನ, ಒಪ್ಪಬೇಕು.’ ಕೊನೆಗೆ ಎರಡರಲ್ಲಿ ಒಂದು ಮಾತು ಇರುತ್ತಿತ್ತು: ‘ಬೇಡ’ ಅಥವಾ ‘ಮತ್ತೆ ತರಬಹುದು’. ಇದಕ್ಕಿಂತ ದೊಡ್ಡ ಹೊಗಳಿಕೆ ಅವರಲ್ಲಿ ಇರಲಿಲ್ಲ.

ಬೇಡವಾದದ್ದನ್ನೆಲ್ಲ ಅವರ ಗಂಡ ತಿನ್ನುತ್ತಿದ್ದರು. ನಾನು ಅವರನ್ನು ಭಾವ ಎಂದು ಕರೆಯುತ್ತೇನೆ. ಯಾವ ಊಟಕ್ಕೂ ಇಲ್ಲ ಎಂದವರಲ್ಲ. ಜಗುಲಿಯಲ್ಲಿ ಕೂತು ಚಮಚ ಹಿಡಿದು, “ಪಾಸಾಗಿದ್ದು ಅವಳಿಗೆ, ಫೇಲಾಗಿದ್ದು ನಂಗೆ. ಹೊಟ್ಟೆ ನಂದೇ ಜಾಸ್ತಿ ತುಂಬೋದು” ಎನ್ನುವರು.

ಒಳಗಿನಿಂದ ಅಕ್ಕ, “ನಿಮಗೆ ರುಚಿ ಅಂತ ಒಂದಿದ್ರೆ ತಾನೇ. ಕಾಗದ ಕೊಟ್ರೂ ಉಪ್ಪಿನಕಾಯಿ ಇದೆಯಾ ಅಂತೀರಿ.”

“ಇದೆಯಾ?”

ಅಂಗಡಿಯಲ್ಲಿ ಹೆಂಗಸರು ಅವರ ಹಿಂದೆ ಬರುತ್ತಿದ್ದರು. “ಅಕ್ಕ, ಈ ಮಸಾಲೆ ಓಟ್ಸು ಹೆಂಗೆ?” ಎಂದರೆ, “ಜ್ವರ ಬಂದ ಉಪ್ಪಿಟ್ಟು. ಡಾಕ್ಟ್ರು ಹೇಳಿದ್ರೆ ತಗೊಳ್ಳಿ” ಎನ್ನುವರು. ಹೇಳಿದವರ ಮುಖದಲ್ಲಿ ನಗು ಇರುತ್ತಿರಲಿಲ್ಲ, ಕೇಳಿದವರು ನಗುತ್ತ ಪ್ಯಾಕೆಟ್ಟನ್ನು ವಾಪಸು ಇಡುತ್ತಿದ್ದರು.

ನಾನು ಕಲಿಸುತ್ತಿದ್ದ ಖಾಸಗಿ ಶಾಲೆ ಬಾಗಿಲು ಹಾಕಿದ ವರ್ಷ ಮನೆಯಲ್ಲಿ ಚಟ್ನಿಪುಡಿ ಮಾಡಿ ಮಾರಲು ಶುರುಮಾಡಿದೆ. ಮನೆ ನಡೆಯಲು ಬೇರೆ ದಾರಿ ಇರಲಿಲ್ಲ. ಮೊದಲ ಪ್ಯಾಕೆಟ್ಟನ್ನು ಹಿಡಿದುಕೊಂಡು ಎದುರುಮನೆಗೆ ಹೋದೆ. ಅವರು ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಳ್ಳಲಿಲ್ಲ.

“ಚೆನ್ನಾಗಿದೆ ಅನ್ನಿಸ್ಕೊಳ್ಳಾಕೆ ಬಂದಿದೀಯೋ, ಹೆಂಗಿದೆ ಅಂತ ಕೇಳಾಕೆ ಬಂದಿದೀಯೋ? ಮೊದ್ಲೇ ಹೇಳಿಬಿಡು ಮಾರಾಯ್ತಿ. ಚೆನ್ನಾಗಿದೆ ಅನ್ನೋಕೆ ಬೀದೀಲಿ ಬೇಕಾದಷ್ಟು ಜನ ಇದಾರೆ.”

“ಕೇಳೋಕೇ ಬಂದೆ ಅಕ್ಕ.”

ಆಗ ಉಂಗುರದ ಬೆರಳಿನ ತುದಿಯನ್ನು ಪುಡಿಗೆ ಅದ್ದಿದರು. ಮೂಗಿನ ಹತ್ತಿರ ಹಿಡಿದರು, ಆಮೇಲೆ ನಾಲಿಗೆಗೆ. “ಉದ್ದಿನಬೇಳೆ ಸೀದಿದೆ. ಸೀದಿದ್ದು ಮುಚ್ಚೋಕೆ ಬೆಲ್ಲ ಸುರಿದಿದೀಯ. ಬೆಲ್ಲ ಮುಚ್ಚೋಕೆ ಹುಣಸೆ. ಒಂದು ಸುಳ್ಳಿಗೆ ಎರಡು.” ನಾನು ಅತ್ತೆನೋ ಇಲ್ಲವೋ ಗೊತ್ತಿಲ್ಲ. ಅತ್ತೆ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಮರುದಿನ ಅವರೇ ನಮ್ಮ ಅಡುಗೆಮನೆಗೆ ಬಂದು ಒಲೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. “ಬೇಳೆ ಕೆಂಪಾಗೋಕೆ ಮುಂಚೆ ಬಾಂಡ್ಲಿ ಇಳ್ಸು. ಮಿಕ್ಕಿದ್ದನ್ನ ಬಾಂಡ್ಲಿ ಬಿಸಿನೇ ನೋಡ್ಕೊಳ್ಳುತ್ತೆ.” ಆರು ಬಾರಿ ಬೇಡ ಅಂದರು. ಏಳನೆಯದನ್ನು ಪ್ಯಾಕೆಟ್ಟಿನ ಸಮೇತ ಮನೆಗೆ ಒಯ್ದರು. ನಾಲ್ಕು ದಿನ ಬಿಟ್ಟು ತಂತಿಯ ಮೇಲೆ ನನ್ನ ಖಾಲಿ ಪ್ಯಾಕೆಟ್ಟು ತೂಗುತ್ತಿತ್ತು. ಒಳಗೆ ಬರೆದಿದ್ದರು: ‘ಮತ್ತೆ ತರಬಹುದು.’

ಅದೇ ಮಾತಿನ ಬಲದಿಂದ ಸೂಪರ್ ಮಾರ್ಕೆಟ್ಟಿನ ಮ್ಯಾನೇಜರು ಕೆಳಗಿನ ರ‍್ಯಾಕಿನಲ್ಲಿ ಜಾಗ ಕೊಟ್ಟರು. “ಸೊಸೈಟಿ ಅಕ್ಕ ಒಪ್ಪಿದಾರಾ? ಹಾಗಾದ್ರೆ ಇಡಿ” ಎಂದರು, ರುಚಿಯನ್ನೂ ನೋಡದೆ. ಪ್ರತಿ ಸಲದ ಪುಡಿಯೂ ಮೊದಲು ಎದುರುಮನೆಗೆ, ಆಮೇಲೆ ಅಂಗಡಿಗೆ. ದಿನವಿಡೀ ಹುರಿಯುವವಳ ಮೂಗು ಮೊಂಡಾಗಿರುತ್ತದೆ, ನನ್ನದನ್ನು ನಂಬುವ ಹಾಗಿರಲಿಲ್ಲ. ನಿಜ ಹೇಳಬೇಕೆಂದರೆ, ನಂಬುವ ಕಷ್ಟ ತಪ್ಪಿತಲ್ಲ ಎಂದು ನನಗೂ ಹಾಯೆನಿಸಿತ್ತು.

ಮಧ್ಯೆ ಅವರಿಗೊಂದು ಜ್ವರ ಬಂದು ಹೋಯಿತು. ಬೀದಿಯಲ್ಲಿ ಎಲ್ಲರಿಗೂ ಬಂದಿತ್ತು, ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಅದಾಗಿ ಕೆಲವು ತಿಂಗಳಿಗೆ, ದಸರೆಗೆ ಮುಂಚೆ, ಅಂಗಡಿಯವರು ಎಂದಿಗಿಂತ ನಾಲ್ಕು ಪಟ್ಟು ಪುಡಿ ಕೇಳಿದರು. ಹೊಸ ಕಡೆಯಿಂದ ಕೊಬ್ಬರಿ ತಂದೆ. ಎರಡು ದಿನ ನಿಂತೇ ಹುರಿದೆ, ಪಾದ ಊದಿಕೊಂಡಿತ್ತು. ಪುಡಿಯನ್ನು ಬಟ್ಟಲಲ್ಲಿ ಹಾಕಿ, ಜೊತೆಗೆ ಒಂದು ಪ್ಯಾಕೆಟ್ಟನ್ನೂ ಒಯ್ದು ಕೊಟ್ಟೆ.

ಅಕ್ಕ ಬೆರಳು ಅದ್ದಿದರು. ನಾಲಿಗೆಗೆ ಇಟ್ಟುಕೊಂಡರು, ಇನ್ನೊಮ್ಮೆ ಅದ್ದಿ ಇಟ್ಟುಕೊಂಡರು. ಆಮೇಲೆ ಬಟ್ಟಲನ್ನು ಭಾವನ ಕಡೆ ಸರಿಸಿದರು. ಭಾವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, “ಆಹಾ, ಫಸ್ಟ್ ಕ್ಲಾಸ್” ಎಂದರು. ಅಕ್ಕ ಅವರ ಮುಖವನ್ನೇ ನೋಡುತ್ತಿದ್ದರು.

“ಚೆನ್ನಾಗಿದೆ” ಎಂದರು.

ಅವರ ಬಾಯಿಂದ ಆ ಪದವನ್ನು ನಾನು ಮೊದಲ ಬಾರಿ ಕೇಳಿದ್ದು ಅಂದೇ. ಅಲ್ಲೇ ನಿಲ್ಲಬೇಕಿತ್ತು, ಕೇಳಬೇಕಿತ್ತು. ಖುಷಿಯಾಗಿ ಓಡಿಬಂದು ಪ್ಯಾಕೆಟ್ ಸೀಲು ಮಾಡತೊಡಗಿದೆ.

ಒಂದೇ ವಾರದಲ್ಲಿ ಪ್ಯಾಕೆಟ್ಟುಗಳು ವಾಪಸು ಬಂದವು. ಕೊಬ್ಬರಿ ಕಮಟು. ಬಾಯಿ ಬಿಚ್ಚಿದರೆ ಹಳೇ ಎಣ್ಣೆಯ ಡಬ್ಬಿ ತೆಗೆದ ಹಾಗೆ ವಾಸನೆ. ಮ್ಯಾನೇಜರು ಫೋನಿನಲ್ಲಿ, “ಮೇಡಂ, ರ‍್ಯಾಕು ಖಾಲಿ ಮಾಡಿಸ್ತಾ ಇದೀನಿ. ಇನ್ನು ತರಬೇಡಿ” ಎಂದರು.

ನಾನು ಒಂದು ಪ್ಯಾಕೆಟ್ಟು ಒಡೆದು ಹಿಡಿದುಕೊಂಡೇ ಎದುರುಮನೆಗೆ ಹೋದೆ. “ಮೂಸಿ ನೋಡಿ ಅಕ್ಕ. ಇದನ್ನ ಹೆಂಗೆ ಚೆನ್ನಾಗಿದೆ ಅಂದ್ರಿ?” ಸ್ವರ ಎತ್ತರಿಸಿದ್ದೆ. ಬೀದಿಗೆ ಕೇಳಿಸಿರಬೇಕು. ಅಕ್ಕ ಪ್ಯಾಕೆಟ್ಟನ್ನು ತೆಗೆದುಕೊಂಡು ಮೂಗಿಗೆ ಹಿಡಿದರು. ಆಳವಾಗಿ ಉಸಿರೆಳೆದರು. ಮತ್ತೊಮ್ಮೆ ಎಳೆದರು. ಎರಡು ಮಾರು ದೂರದಲ್ಲಿದ್ದ ನನಗೇ ಕಮಟು ಹೊಡೆಯುತ್ತಿತ್ತು. ಅವರ ಮುಖದಲ್ಲಿ ಏನೂ ಆಗಲಿಲ್ಲ.

“ಹೇಳಿಬಿಡೇ” ಎಂದರು ಭಾವ.

ಅಕ್ಕ ಪ್ಯಾಕೆಟ್ಟನ್ನು ಮಡಿಲಿಗೆ ಇಳಿಸಿದರು. ಭಾವನೇ ಹೇಳಿದರು. “ಜ್ವರ ಬಂದು ಹೋಯ್ತಲ್ಲ, ಅವತ್ತಿಂದ ಇವಳಿಗೆ ವಾಸನೆ ಇಲ್ಲ ಕಣಮ್ಮ. ಉಪ್ಪು, ಹುಳಿ, ಖಾರ ಗೊತ್ತಾಗುತ್ತೆ. ಬೇರೇದು ಇಲ್ಲ. ಬರುತ್ತೆ ಬರುತ್ತೆ ಅಂತ ಕಾಯ್ತಾ ಇದ್ಲು. ಅಲ್ಲೀವರ್ಗೂ ನಾನು ತಿನ್ನೋವಾಗ ನನ್ನ ಮುಖ ನೋಡಿ ಬರೀತಿದ್ಲು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಜಗತ್ತಿನಲ್ಲಿ ಯಾವುದನ್ನೂ ಬೇಡ ಎನ್ನದ ಮನುಷ್ಯನ ಮುಖ. ಅದನ್ನು ನೋಡಿ ಅವರು ಆರು ತಿಂಗಳು ಅಭಿಪ್ರಾಯ ಬರೆದಿದ್ದರು.

“ನಂಗೂ ಗೊತ್ತಿತ್ತು,” ಎಂದರು ಅಕ್ಕ, ಪ್ಯಾಕೆಟ್ಟಿನ ಬಾಯಿ ಮಡಚುತ್ತ. “ಇವ್ರಿಗೆ ಎಲ್ಲಾ ಚೆನ್ನಾಗೇ ಇರುತ್ತೆ ಅಂತ. ಆದ್ರೂ ಗೊತ್ತಿಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ ಮಾರಾಯ್ತಿ. ಜನ ಕೇಳ್ತಾರೆ. ಏನಂತ ಹೇಳ್ಲಿ.”

ಮರುದಿನ ಬೆಳಿಗ್ಗೆ ಸೀರೆ ಉಟ್ಟು ನಮ್ಮ ಬಾಗಿಲಿಗೆ ಬಂದರು. “ಗಾಡಿ ತೆಗಿ, ಅಂಗಡಿಗೆ ಹೋಗಿಬರಾಣ.” ನಾನು ಬೇಡವೆಂದೆ. ಆದದ್ದಾಯಿತು ಎಂದೆ. ಅಂಗಡಿಯಲ್ಲಿ ಅವರಿಗಿದ್ದದ್ದು ಅದೊಂದೇ: ಅಕ್ಕ ಹೇಳಿದರೆ ಸರಿ ಎನ್ನುವುದು. ಅದನ್ನು ಕಳೆದುಕೊಳ್ಳಲು ಹೊರಟಿದ್ದಾರೆಂದು ನನಗೆ ತಿಳಿದಿತ್ತು, ಅವರಿಗೂ ತಿಳಿದಿತ್ತು. ಸ್ಕೂಟರಿನ ಹಿಂದೆ ಕೂತು ನನ್ನ ಭುಜ ಹಿಡಿದುಕೊಂಡರು.

ಮುಂದಿನದನ್ನು ನಾನು ಹಲವರಿಗೆ ಹೇಳಿದ್ದೇನೆ. ಅಕ್ಕ ರ‍್ಯಾಕಿನ ಮುಂದೆ ನಿಂತು, ಸುತ್ತ ಹೆಂಗಸರು ಸೇರಿರುವಾಗ, ಗಟ್ಟಿ ದನಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡರು ಎಂದು. ಹೇಳಿ ಹೇಳಿ ಅದು ಚೆನ್ನಾಗಿ ಕೂತುಬಿಟ್ಟಿದೆ. ಆದರೆ ನಾನು ಒಳಗೆ ಹೋಗಿರಲೇ ಇಲ್ಲ. ಗಾಡಿ ನಿಲ್ಲಿಸಲು ಜಾಗವಿಲ್ಲವೆಂಬ ನೆಪದಲ್ಲಿ ಹೊರಗೇ ನಿಂತಿದ್ದೆ. ಗಾಜಿನ ಬಾಗಿಲಿನಿಂದ ಕಂಡದ್ದು ಇಷ್ಟೇ: ಬಿಲ್ಲಿನ ಕೌಂಟರಿನ ಹತ್ತಿರ ಅವರ ಬೆನ್ನು, ಮ್ಯಾನೇಜರ ತಗ್ಗಿದ ತಲೆ, ಟ್ರಾಲಿ ಹಿಡಿದು ಕಾಯುತ್ತಿದ್ದ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು. ಆಡಿದ ಮಾತನ್ನು ಆಮೇಲೆ ಮ್ಯಾನೇಜರೇ ಹೇಳಿದರು: “ತಪ್ಪು ಅವಳದ್ದಲ್ಲ. ರುಚಿ ನೋಡಿ ಒಪ್ಪಿದ್ದು ನಾನು. ನಂಗೆ ಆರು ತಿಂಗಳಿಂದ ವಾಸನೆ ಇಲ್ಲ. ಇಷ್ಟು ದಿನ ಇಲ್ಲಿ ಯಾರಿಗೆ ಏನು ಹೇಳಿದ್ರೂ ಅದನ್ನ ನಂಬಬೇಡಿ.”

ಹೊರಗೆ ಬಂದು, “ಒಂದು ಸಲ ನೋಡ್ತಾನಂತೆ. ಅರ್ಧ ರ‍್ಯಾಕು” ಎಂದರು. ಮನೆಗೆ ಬಂದು ಬಾಗಿಲು ಹಾಕಿಕೊಂಡರು.

ಆಮೇಲೆ ಅವರು ಅಂಗಡಿಗೆ ಹೋದರೂ ಯಾರೂ ಹಿಂದೆ ಬರಲಿಲ್ಲ. ಅಪ್ಪಿತಪ್ಪಿ ಬಂದವರಿಗೂ, “ನಂಗೆ ಗೊತ್ತಾಗಲ್ಲಮ್ಮ” ಎಂದು ಹೇಳಿ ಮುಂದೆ ನಡೆಯುವರು. ಪ್ಯಾಕೆಟ್ಟನ್ನು ಕಿವಿಗೆ ಹಿಡಿಯುವುದನ್ನು ಮಾತ್ರ ಬಿಡಲಿಲ್ಲ.

ನನ್ನ ಪುಡಿಯನ್ನು ಮತ್ತೆ ಅವರು ನಾಲಿಗೆಗೆ ಇಡಲಿಲ್ಲ. ಬದಲಿಗೆ ಬೆಳಿಗ್ಗೆ ಕಾಫಿಗೆ ಮುಂಚೆ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. “ನೀರು ಕುಡಿ. ಉಂಗುರದ ಬೆರಳು. ಹೂಂ, ಈಗ ಹೇಳು.”

“ಸರಿಯಾಗಿದೆ ಅನ್ಸುತ್ತೆ ಅಕ್ಕ.”

“ಅನ್ಸೋದು ಬೇಡ. ಏನಿದೆ ಹೇಳು.”

“ಇಂಗು ಮುಂದೆ ಬಂದಿದೆ. ಕರಿಬೇವು ಸ್ವಲ್ಪ ಹಸಿ.”

“ಮತ್ತೆ ಅಂಗಡಿಗೆ ಕೊಡ್ತೀಯಾ?”

ನಾನು ತಡವರಿಸಿದರೆ ಬಟ್ಟಲನ್ನು ಭಾವನ ಕಡೆ ತಳ್ಳುವರು. ಎರಡು ವರ್ಷ ಹೀಗೆ ನಡೆಯಿತು. ಬೇಸರ ಬರುತ್ತಿತ್ತು, ಕೆಲವು ದಿನ ಸಿಟ್ಟೂ ಬರುತ್ತಿತ್ತು. ನನ್ನ ಮೂಗು ನನಗೆ ವಾಪಸು ಬಂದದ್ದು ಆ ಎರಡು ವರ್ಷಗಳಲ್ಲಿ.

ಹೋದ ವರ್ಷ ಅಕ್ಕ ತೀರಿಕೊಂಡರು. ಆಸ್ಪತ್ರೆಯಲ್ಲಿ ಮೂರೇ ದಿನ. ತಿಥಿ ಮುಗಿದ ಮೇಲೆ ಭಾವ ಬಿಸ್ಕತ್ತಿನ ಡಬ್ಬಿಯನ್ನು ತಂದು ನನ್ನ ಕೈಗೆ ಕೊಟ್ಟರು. ಪ್ಯಾಕೆಟ್ಟುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಆ ಆರು ತಿಂಗಳಿನವುಗಳನ್ನು ಬೇರೆ ಮಾಡಿ ರಬ್ಬರ್ ಬ್ಯಾಂಡು ಹಾಕಿದ್ದರು. ಒಂದರಲ್ಲೂ ಪರಿಮಳದ ಮಾತಿರಲಿಲ್ಲ. ‘ಉಪ್ಪು ಸರಿ, ಗರಿಗರಿ, ಮತ್ತೆ ತರಬಹುದು.’ ‘ಖಾರ ಹದ, ಮತ್ತೆ ತರಬಹುದು.’ ಪ್ರತಿಯೊಂದರ ಕೊನೆಯ ಮಾತಿಗೂ ಅಡ್ಡಗೆರೆ ಎಳೆದು, ಕೆಳಗೆ ಬೇರೆ ಪೆನ್ನಿನಲ್ಲಿ ‘ಗೊತ್ತಿಲ್ಲ’ ಎಂದು ಬರೆದಿದ್ದರು. ಕೊನೆಯದು ನನ್ನ ಕಮಟು ಪುಡಿಯ ಪ್ಯಾಕೆಟ್ಟು. ‘ಚೆನ್ನಾಗಿದೆ’ಗೂ ಅಡ್ಡಗೆರೆ. ಅದರ ಕೆಳಗೆ ‘ಗೊತ್ತಿಲ್ಲ’ವೂ ಇರಲಿಲ್ಲ. ಬರೀ ‘ಬೇಡ’ ಎಂದಿತ್ತು, ಒತ್ತಿ ಬರೆದದ್ದು.

ಈಗ ಅಂಗಡಿಯಲ್ಲಿ ನನ್ನ ಪುಡಿಗೆ ಪೂರ್ತಿ ರ‍್ಯಾಕು ಇದೆ. ಭಾವ ದಿನಾ ಸಂಜೆ ಜಗುಲಿಯಲ್ಲಿ ಕೂತಿರುತ್ತಾರೆ. ತಾವೇ ಹೋಗಿ ಕೈಗೆ ಸಿಕ್ಕಿದ ಪ್ಯಾಕೆಟ್ಟು ತಂದುಕೊಳ್ಳುತ್ತಾರೆ. ಒಂದು ದಿನ ನಾನು ಹಾಗೇ, “ಊಟ ಹೆಂಗೆ ನಡೀತಿದೆ ಭಾವ?” ಎಂದೆ.

“ನಡೀತಿದೆ ಕಣಮ್ಮ. ಈಗ ನಮ್ಮನೇಲಿ ಯಾವ್ದೂ ಫೇಲಾಗಲ್ಲ.”

ಈ ಬೆಳಿಗ್ಗೆ ಹೊಸ ಪುಡಿಗೆ ಬೆರಳು ಅದ್ದಿದೆ. ಕಾಫಿ ಕುಡಿದಿರಲಿಲ್ಲ. ಕೊಬ್ಬರಿ ಸರಿಯಿತ್ತು, ಇಂಗು ಸರಿಯಿತ್ತು. ಬೇಳೆ ಒಂದೇ ಒಂದು ಗಳಿಗೆ ಹೆಚ್ಚು ಹುರಿದಿದೆಯೇನೋ ಎನ್ನಿಸಿತು. ಬೇರೆ ಯಾರೂ ಗುರುತಿಸಲಾರರು. ಸಂಜೆಯೊಳಗೆ ಅಂಗಡಿಗೆ ಮುಟ್ಟಿಸಬೇಕಿತ್ತು, ಮತ್ತೊಮ್ಮೆ ಹುರಿಯಲು ಮೈಯಲ್ಲಿ ಕಸುವಿರಲಿಲ್ಲ. ನೀರು ಕುಡಿದು ಇನ್ನೊಮ್ಮೆ ಬೆರಳು ಅದ್ದಿದೆ. ಆಮೇಲೆ ಪುಡಿಯ ಡಬ್ಬಿಯ ಮೇಲೆ ‘ಬೇಡ’ ಎಂದು ಬರೆದು, ಮೇಲಿಂದ ಒಂದು ಬಟ್ಟಲು ತುಂಬಿಕೊಂಡು ಬೀದಿ ದಾಟಿದೆ.

“ಭಾವ, ಇದು ಫೇಲು.”

ಅವರು ಚಮಚ ತರಲು ಎದ್ದರು.