ದೊಡ್ಡಮ್ಮನ ತೆಪ್ಪದ ಹುಟ್ಟು

ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತ ಕೂತಿದ್ದೆ. ವಿದ್ಯಾರಣ್ಯಪುರದ ನಮ್ಮ ಬೀದಿಗೆ ಅಂತೂ ಇಂತೂ ಡಾಂಬರು ಹಾಕಲು ಬಂದಿದ್ದರು. ವಾಸನೆ ತಡೆಯಲಾರದೆ ಮನೆಯವರೆಲ್ಲ ಕಿಟಕಿ ಮುಚ್ಚಿದರು. ನನ್ನ ಕೋಣೆಯದನ್ನು ನಾನು ಮುಚ್ಚಲಿಲ್ಲ. ಕಾದ ಡಾಂಬರೆಂದರೆ ನನಗೆ ಯಲಹಂಕದ ಕೆರೆ, ದೊಡ್ಡಮ್ಮನ ತೆಪ್ಪ... ಅದನ್ನೇ ನೆನೆಯುತ್ತಿದ್ದಾಗ ಫೋನು ಬಂತು. ದೊಡ್ಡಮ್ಮನ ಮಗಳು. ಬೆಳಗಿನ ಜಾವ ಅಮ್ಮ ಹೋಗಿಬಿಟ್ಟರು, ನಿದ್ದೆಯಲ್ಲೇ ಹೋದರು ಎಂದಳು. ನರಳಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ. ಅಷ್ಟು ಕರುಣೆ ತೋರಿಸಿದ ಸ್ವಾಮಿ.

ಆಕೆ ನಮಗೆ ನೆಂಟರಲ್ಲ. ಅರವತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಯಲಹಂಕಕ್ಕೆ ಬಂದಾಗ ಪಕ್ಕದ ಮನೆಯಲ್ಲಿದ್ದವರು. ಎರಡು ಮನೆಗೂ ನಡುವೆ ಒಂದೇ ಗೋಡೆ. ದೊಡ್ಡಮ್ಮ ಎಂದು ಕರೆಯಲು ಅಷ್ಟು ಸಾಕಾಗಿತ್ತು. ಗಂಡ ಹೆಂಡತಿ ಇಬ್ಬರೂ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದರು. ದೊಡ್ಡ ಬಿದಿರು ಬುಟ್ಟಿಯಂಥ ದುಂಡು ತೆಪ್ಪ. ಬೇಸಿಗೆಯಲ್ಲಿ ಅದನ್ನು ಬಾಗಿಲ ಮುಂದೆ ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದರು. ವಾಸನೆ ನಮ್ಮ ದೇವರ ಗೂಡಿನ ತನಕ ಬರುತ್ತಿತ್ತು. ಅತ್ತೆ ಗೊಣಗುತ್ತಿದ್ದರು, ನಾನು ಒಂದು ಊದುಬತ್ತಿ ಹೆಚ್ಚಿಗೆ ಹಚ್ಚುತ್ತಿದ್ದೆ.

ನೀರಿನ ಮೇಲೆ ದೊಡ್ಡಪ್ಪ ಎರಡೂ ಕೈಯಿಂದ ಹುಟ್ಟು ಹಾಕುವರು, ಈಕೆ ಹಿಂದೆ ಕೂತು ಬಲೆ ಬಿಡುವರು. ದುಂಡು ತೆಪ್ಪಕ್ಕೆ ಹಿಂದು ಮುಂದು ಇಲ್ಲ. ಹುಟ್ಟು ಒಂದಿಷ್ಟು ತಪ್ಪಿದರೆ ಇದ್ದಲ್ಲೇ ಸುತ್ತುತ್ತದೆ, ಬಲೆ ಸೊಟ್ಟಗಾಗುತ್ತದೆ. ದೊಡ್ಡಪ್ಪ ಹಾಕಿದರೆ ಮಾತ್ರ ದಾರ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಅವರ ತಂದೆ ಹೊನ್ನೆ ಮರದಲ್ಲಿ ಕೆತ್ತಿದ್ದ ಹುಟ್ಟು ಅದು. ಹಿಡಿದು ಹಿಡಿದು ಹಿಡಿಕೆ ನಮ್ಮ ಒನಕೆಯ ನಡುವಿನಂತೆ ನುಣುಪಾಗಿತ್ತು.

ಒಂದು ಮಳೆಗಾಲ ಕಳೆದ ಮೇಲೆ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ದೇವರು ಬಾಯಿ ಉಳಿಸಿದ್ದ. ಜಗಲಿಯ ಮೇಲೆ ಗೋಡೆಗೊರಗಿ ಕೂತು ಹೋಗಿ ಬರುವವರನ್ನೆಲ್ಲ ರೇಗಿಸುತ್ತಿದ್ದರು. ಆದರೆ ಕೆರೆಯನ್ನು ಗುತ್ತಿಗೆ ಹಿಡಿದವನು ಹೇಳಿಕಳಿಸಿದ, ಒಬ್ಬಳೇ ಹೆಂಗಸು ನೀರಿಗಿಳಿದು ಏನಾದರೂ ಆದರೆ ತನ್ನ ತಲೆಗೆ ಬರುತ್ತದೆ ಎಂದು. ಬರುವ ಅಮಾವಾಸ್ಯೆಯೊಳಗೆ ಒಬ್ಬಳೇ ಹುಟ್ಟು ಹಾಕಿ ಬಲೆ ಬಿಟ್ಟು ತೋರಿಸಬೇಕು, ಇಲ್ಲದಿದ್ದರೆ ಅವರು ಬಲೆ ಬಿಡುವ ಜಾಗ ಬೇರೆ ತೆಪ್ಪಕ್ಕೆ. ಆ ಜಾಗ ಹೋದರೆ ಮನೆಯಲ್ಲಿ ಒಲೆ ಉರಿಯುವಂತಿರಲಿಲ್ಲ. ಮಗಳಿನ್ನೂ ತೊಡೆಯ ಮೇಲಿನ ಕೂಸು.

ಎಲ್ಲರೂ ಬುದ್ಧಿ ಹೇಳಿದರು. ಉದ್ದನೆಯ ಹುಟ್ಟಾದರೆ ನೀರು ಹೆಚ್ಚು ಸಿಗುತ್ತದೆ ಎಂದು ಒಬ್ಬರು, ಅಗಲದ್ದಾದರೆ ಬೇಗ ಸಾಗುತ್ತದೆ ಎಂದು ಇನ್ನೊಬ್ಬರು. ಕೊಟ್ಟದ್ದನ್ನೆಲ್ಲ ಆಕೆ ತೆಗೆದುಕೊಂಡು ಹೋದರು. ಬಲೆಗೆ ಒಂದು ಕೈ ಬೇಕು, ಉಳಿದ ಒಂದು ಕೈಗೆ ಯಾವ ಹುಟ್ಟೂ ಬಗ್ಗಲಿಲ್ಲ. ಬಡಗಿಯಿಂದ ಗಿಡ್ಡನೆಯದೊಂದು ಮಾಡಿಸಿದರು. ಹಸಿ ಮರ, ನೀರು ಕುಡಿದು ಭಾರವಾಗಿ ಕೊನೆಗೆ ಸೀಳಿತು. ನಾನು ಬಟ್ಟೆ ಒಗೆಯಲು ಹೋದಾಗ ನೋಡುತ್ತಿದ್ದೆ. ತೆಪ್ಪ ನಡುಕೆರೆಯಲ್ಲಿ ಬುಗುರಿಯಂತೆ ಸುತ್ತುತ್ತಿತ್ತು, ಬಲೆ ಅದಕ್ಕೇ ಸುತ್ತಿಕೊಳ್ಳುತ್ತಿತ್ತು. ಏರಿಯ ಮೇಲೆ ದನ ಕಾಯುವವನೊಬ್ಬ ಕೂಗಿದ.

"ಏನಕ್ಕಾ, ಗಂಗಮ್ಮಂಗೆ ಪರದಕ್ಷಣೆ ಆಕ್ತಾ ಇದ್ದೀಯಾ?"

"ಊಂ ಕಣಪ್ಪಾ. ನಿಂಗೊಳ್ಳೆ ಬುದ್ಧಿ ಕೊಡ್ಲಿ ಅಂತ" ಎಂದರು ದೊಡ್ಡಮ್ಮ, ಬಲೆ ಬಿಡಿಸುತ್ತ.

ದಡಕ್ಕೆ ಬಂದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಎಷ್ಟು ಒರೆಸಿದರೂ ಮುಖ ಒಣಗಲಿಲ್ಲ.

ದೊಡ್ಡಪ್ಪನ ಹುಟ್ಟನ್ನು ಮಾತ್ರ ಆಕೆ ಮುಟ್ಟಿರಲಿಲ್ಲ. ಅದು ಬಾಗಿಲ ಹಿಂದೆ ನಿಂತಿತ್ತು. ಪ್ರತಿ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಇಡುವರು. ಕೈ ಸರಿಹೋದ ಮೇಲೆ ಅವರಿಗೆ ಬೇಕಾಗುತ್ತದೆ ಎನ್ನುವರು. ಸರಿಹೋಗಲಿ ಎಂದು ನಾನೂ ಹನುಮಂತರಾಯನಿಗೆ ಹರಕೆ ಹೊತ್ತಿದ್ದೆ.

ಅಮಾವಾಸ್ಯೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ನಾನು ಹುಳಿ ಕೊಡಲು ಹೋದಾಗ ದೊಡ್ಡಪ್ಪ ಹೆಂಡತಿಯನ್ನು ಕರೆದು ಬಾಗಿಲ ಮುಂದಿನ ತೆಪ್ಪದೊಳಗೆ ಕೂರು ಎಂದರು. ಒಣ ನೆಲದ ಮೇಲೆ ತೆಪ್ಪ, ಅದರೊಳಗೆ ಈಕೆ. ಬೀದಿಯವರು ನಗುತ್ತಾರೆ ಎಂದು ಆಕೆಗೆ ನಾಚಿಕೆ. ನಮ್ಮ ಅತ್ತೆ ಆಗಲೇ ಹೊಸಿಲಿಗೆ ಬಂದು, ಯಾವೂರಿಗಮ್ಮಾ ಪ್ರಯಾಣ ಎಂದು ಕೇಳಿಯೂ ಆಗಿತ್ತು. ದೊಡ್ಡಪ್ಪ ನಗಲಿಲ್ಲ. ಹೆಂಡತಿಯ ಎಡಗೈಗೆ ಬಲೆಯ ಹಗ್ಗ ಕೊಡಿಸಿದರು, ಬಲಗೈಗೆ ನಮ್ಮ ಮನೆಯ ಬಟ್ಟೆ ಹರವುವ ಗಳ. ಅದರ ಮೇಲಿನ ತುದಿಯನ್ನು ಕಂಕುಳಲ್ಲಿ ಒತ್ತಿಕೋ, ಕೈ ಕೆಳಗೆ ಇಳಿಸಿ ಹಿಡಿ ಎಂದರು. ಎಳೆದು ನೋಡಿ ಆಕೆ ತಲೆ ಎತ್ತಿದರು. ಒಂದೇ ಕೈಯಲ್ಲಿದ್ದರೂ ಗಳ ಅಲುಗಾಡಲಿಲ್ಲ.

"ಒಂದು ಕೈನಾಗೆ ಪಂಚೆ ಉಡೋದು ಕಲ್ತಿವ್ನಿ. ಕೈ ಸಾಲ್ದಿದ್ರೆ ಕಂಕುಳೇ ಕೈ ಆಯ್ತದೆ ಕಣೆ" ಎಂದರು ದೊಡ್ಡಪ್ಪ. ಆಮೇಲೆ ನನ್ನ ಕಡೆ ತಿರುಗಿದರು. "ಮಗಾ, ಬಾಗ್ಲಿಂದೆ ನನ್ನ ಹುಟ್ಟೈತೆ. ಅಂಗೇ ನಿಮ್ಮನೆ ಗರಗಸ ತಗಂಬಾ."

ದೊಡ್ಡಮ್ಮ ತೆಪ್ಪದಿಂದ ಎದ್ದುಬಿಟ್ಟರು. "ಅದು ಬ್ಯಾಡ. ಕೈ ಬಂದ್ರೆ ನಿಮಗೆ ಬೇಕಾಯ್ತದೆ."

"ಬರಾಕಿಲ್ಲ. ನಿಂಗೂ ಗೊತ್ತು."

ದೊಡ್ಡಮ್ಮ ಮತ್ತೆ ಕೂತರು. ನಾನು ಹುಟ್ಟು, ಗರಗಸ ಎರಡನ್ನೂ ತಂದುಕೊಟ್ಟೆ. ಆಕೆಯ ಕಂಕುಳಿಗೆ ಸರಿಯಾಗಿ ಹಿಡಿಕೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದದ್ದು ದೊಡ್ಡಪ್ಪ. ಒಂದು ತುದಿಯನ್ನು ಮಂಡಿಯ ಕೆಳಗೆ ಒತ್ತಿಕೊಂಡು ಎಡಗೈಯಿಂದ ಗರಗಸ ಎಳೆದದ್ದೂ ಅವರೇ. ಇನ್ನೊಂದು ತುದಿಯನ್ನು ನಾನು ಹಿಡಿದಿದ್ದೆ. ಗರಗಸ ಜಾರಿದಾಗಲೆಲ್ಲ ನಿಲ್ಲಿಸಿ ಉಸಿರು ಬಿಡುವರು, ಮತ್ತೆ ಎಳೆಯುವರು. ಬೇರೆಯವರು ಕುಯ್ದುಕೊಡುತ್ತೇವೆ ಎಂದರೆ ಬಿಡಲಿಲ್ಲ. ಅಪ್ಪ ಹಿಡಿದ ನುಣುಪು, ತಾನು ಹಿಡಿದ ನುಣುಪು, ಅಷ್ಟೂ ಆ ತುಂಡಿನಲ್ಲೇ ಹೋಯಿತು... ಅಲ್ಲಿಯವರೆಗೆ ಕೊಂಕಾಡುತ್ತಿದ್ದ ಅತ್ತೆ ಒಳಗೆ ಹೋಗಿ ಬಟ್ಟಲಲ್ಲಿ ಅರಿಶಿನ ಕಲೆಸಿ ತಂದರು. ಕುಯ್ದ ಬಾಯಿಗೆ, ಗಾಯಕ್ಕೆ ಹಚ್ಚುವ ಹಾಗೆ, ಮೆತ್ತಗೆ ಹಚ್ಚಿದರು. ದೊಡ್ಡಮ್ಮ ಹುಟ್ಟನ್ನು ಕಣ್ಣಿಗೊತ್ತಿಕೊಂಡರು.

ಗುತ್ತಿಗೆಯವನು ನೋಡಲು ಬಂದ ದಿನ ದೊಡ್ಡಪ್ಪನನ್ನು ಗಾಡಿಯಲ್ಲಿ ಏರಿಯ ತನಕ ಕರೆದೊಯ್ದೆವು. ಅವರು ಕೆರೆಗೆ ಬೆನ್ನು ಮಾಡಿ ಕೂತರು. ನಾನು ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ರಾಮನಾಮ ಹೇಳಿಕೊಳ್ಳುತ್ತಿದ್ದೆ. ಹೊರಟಾಗ ತೆಪ್ಪ ಒಂದು ಸುತ್ತು ಸುತ್ತಿತು. ಆಮೇಲೆ ದೊಡ್ಡಮ್ಮನ ಕಂಕುಳು ಬಿಗಿಯಾಯಿತು, ತೆಪ್ಪ ನಿಂತಿತು, ಹೊರಟಿತು. ಆಕೆಯ ಎಡಗೈಯಿಂದ ಬಲೆ ಇಳಿಯತೊಡಗಿತು.

"ನೆಟ್ಟಗೈತಾ?" ಎಂದರು ದೊಡ್ಡಪ್ಪ, ತಿರುಗದೆ.

"ನೆಟ್ಟಗಿದೆ ದೊಡ್ಡಪ್ಪ."

"ಸುಳ್ಳೇಳ್ಬ್ಯಾಡ."

"ದೇವರಾಣೆ ದೊಡ್ಡಪ್ಪ. ತಿರುಗಿ ನೋಡಿ."

ತಿರುಗಿ ನೋಡಿದರು. ಬಲೆ ಪೂರ್ತಿ ಇಳಿಯುವವರೆಗೆ ನೋಡಿದರು. ಗುತ್ತಿಗೆಯವನು ಆಗಲಿ ಎಂದು ತಲೆಯಾಡಿಸಿ ಹೊರಟುಹೋದ. ಜಾಗ ಉಳಿಯಿತು. ನನ್ನ ಹರಕೆ ಕೈಗೆಂದು ಹೊತ್ತದ್ದು, ಸ್ವಾಮಿ ಕೊಟ್ಟದ್ದು ಇದು. ನಾನು ಹೋಗಿ ತೆಂಗಿನಕಾಯಿ ಒಡೆಸಿಕೊಂಡೇ ಬಂದೆ.

ಅಲ್ಲಿಂದ ಎಷ್ಟೋ ವರ್ಷ ಆಕೆ ಒಬ್ಬರೇ ಕೆರೆಗಿಳಿದರು. ಸೋಮವಾರ ಬಲೆ ಬಿಡುತ್ತಿರಲಿಲ್ಲ. ಆ ಸಂಜೆಗಳಲ್ಲಿ ದೊಡ್ಡಪ್ಪನನ್ನು ತೆಪ್ಪದಲ್ಲಿ ಕೂರಿಸಿಕೊಂಡು ದಡದ ಹತ್ತಿರವೇ ಒಂದಿಷ್ಟು ದೂರ ಹೋಗಿ ಬರುವರು. ಹುಟ್ಟು ಕಂಕುಳಲ್ಲಿ. ಬಲೆ ಇಲ್ಲದ ಎಡಗೈಯಲ್ಲಿ ಗಂಡನ ಬಿದ್ದುಹೋದ ಕೈ ಹಿಡಿದಿರುವರು, ತೆಪ್ಪದ ಅಂಚಿಗೆ ತಾಗದಿರಲಿ ಎಂದು. ಬಿಂದಿಗೆ ಇಳಿಸಿ ನಾನು ನೋಡುತ್ತ ನಿಲ್ಲುತ್ತಿದ್ದೆ...

ದೊಡ್ಡಪ್ಪ ಹೋದರು, ಅತ್ತೆ ಹೋದರು, ಈಗ ದೊಡ್ಡಮ್ಮ. ಹುಟ್ಟು ಕುಯ್ದ ದಿನ ತೆಪ್ಪದ ಹತ್ತಿರ ಇದ್ದವರಲ್ಲಿ ನಾನೊಬ್ಬಳೇ ಉಳಿದೆ. ಅಯ್ಯೋ, ದೊಡ್ಡಪ್ಪನ ಕೈ ಬರುತ್ತದೆಂದು ನಿಜವಾಗಿಯೂ ನಂಬಿದ್ದಿರಾ ದೊಡ್ಡಮ್ಮ ಎಂದು ಒಂದು ಸಲ ಕೇಳಬೇಕೆಂದಿದ್ದೆ. ಹೋದಾಗಲೆಲ್ಲ ಬೇರೆ ಮಾತು ಬಂತು, ಕಾಫಿ ಬಂತು, ಕೇಳಲಿಲ್ಲ. ಇನ್ನು ಕೇಳುವ ಹಾಗಿಲ್ಲ.

ಎತ್ತುವುದು ಮಧ್ಯಾಹ್ನದ ಮೇಲಂತೆ. ಅಷ್ಟರಲ್ಲಿ ಹೋಗಬೇಕು, ಹೋಗುವ ಮುಂಚೆ ಮನೆಯವರಿಗೆ ಅಡುಗೆ ಆಗಬೇಕು. ಮೊರವನ್ನು ಪಕ್ಕಕ್ಕಿಟ್ಟು, ಕಣ್ಣು ಒರೆಸಿಕೊಂಡು, ಅಕ್ಕಿ ತೊಳೆಯಲು ಎದ್ದೆ.